ಡಾಲ್ಫಿನ್ ಮಸುಕಾದದ್ದು ಆಮೇಲೆ, ಮೊದಲು ಆ 22 ಉಸಿರು

ತಮ್ಮಾ, ನಿನ್ನೆ ನೀನು ಇಲ್ಲಿ ಹಾಕಿದ, ಕಾರವಾರದ ಬಳಿಯ ಕುರುಮಗಡ ದ್ವೀಪದ ವಿಡಿಯೋವನ್ನು ಮೂರು ಸಲ ನೋಡಿದೆ. ಡಾಲ್ಫಿನ್‌ಗಾಗಿ ಅಲ್ಲ. ದೋಣಿಯ ಅಂಚಿನಲ್ಲಿ ಕುಳಿತು, ಒಂದೇ ಉಸಿರು ಹಿಡಿದು ಫ್ರೀಡೈವ್‌ಗೆ ಧುಮುಕುವ ಮೊದಲು ನೀನು ಬುಸುಬುಸು ಎಂದು ಎಳೆದು ಬಿಟ್ಟ ಉಸಿರುಗಳನ್ನು ಎಣಿಸುವುದಕ್ಕೆ. 22. ‘ಹೀಗೆ ಮಾಡಿದರೆ ಕೆಳಗೆ 40 ಸೆಕೆಂಡು ಹೆಚ್ಚು ಸಿಗುತ್ತದೆ’ ಎಂದು ಅಡಿಯಲ್ಲಿ ಬರೆದಿದ್ದೀಯೆ. ಅದನ್ನು ಮೆಚ್ಚಿದವರೇ 60 ಜನ. ನೀನು ಕೇಳಿದ್ದು ಡಾಲ್ಫಿನ್ ಏಕೆ ಮಸುಕಾಗಿ ಬಂತು ಎಂದು ಮಾತ್ರ. ಅದಕ್ಕೂ ಬರುತ್ತೇನೆ, ತಾಳು.

ಆ 40 ಸೆಕೆಂಡು ನನಗೂ ಒಮ್ಮೆ ಸಿಕ್ಕಿತ್ತು. ಏಳೆಂಟು ವರ್ಷದ ಹಿಂದಿನ ಜನವರಿ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪ. 14 ಮೀಟರ್ ಆಳದ ಬಂಡೆಯ ಬಿರುಕಿನಲ್ಲಿ ಒಂದು ಮೊರೇ ಈಲ್ ಬಾಯಿ ತೆರೆದುಕೊಂಡಿತ್ತು, ಅದರ ದವಡೆಯ ಮೇಲೆ ಒಂದು ಪುಟ್ಟ ಸಿಗಡಿ ಹಲ್ಲು ಶುಚಿ ಮಾಡುತ್ತಿತ್ತು. ಮೊದಲ ಸಲ ಫೋಕಸ್ ಸಿಗುವಷ್ಟರಲ್ಲಿ ಎದೆ ಕುಲುಕತೊಡಗಿ ಮೇಲೆ ಬಂದೆ. ಎರಡನೆಯ ಸಲ ನಿನ್ನಂತೆಯೇ ಇಪ್ಪತ್ತು ಉಸಿರು ಎಳೆದು ಹೋದೆ. ಅಬ್ಬಾ, ಎಂಥ ನೆಮ್ಮದಿ! ಎದೆ ಕುಲುಕಲಿಲ್ಲ, ಉಸಿರು ಬೇಕೆಂದು ಅನಿಸಲೇ ಇಲ್ಲ. ಹನ್ನೊಂದು ಚಿತ್ರ ತೆಗೆದು, ಕೊನೆಗೆ ವಿಡಿಯೋ ಗುಂಡಿಯನ್ನೂ ಒತ್ತಿ ಹೊರಟೆ. ಮೇಲಿನ ಬೆಳಕು ಅಗಲವಾಗುತ್ತಾ ಬಂದದ್ದು ನೆನಪಿದೆ. ಆಮೇಲಿನ ನೆನಪು ಎಂದರೆ ಭಾವ ನನ್ನ ಮಾಸ್ಕ್ ಕಿತ್ತು, ಕೆನ್ನೆ ತಟ್ಟುತ್ತಾ, ಕಣ್ಣಿನ ಮೇಲೆ ಊದುತ್ತಾ ‘ಉಸಿರಾಡು, ಉಸಿರಾಡು’ ಎಂದು ಕೂಗುತ್ತಿದ್ದದ್ದು. ನಡುವಿನದ್ದೆಲ್ಲ ಮಣಿಕಟ್ಟಿಗೆ ಕಟ್ಟಿದ್ದ ಕ್ಯಾಮೆರಾದಲ್ಲಿದೆ: ನೀಲಿ, ನೀಲಿ, ಭಾವನ ಮೊಣಕಾಲು, ಆಕಾಶ. ಆ ವಿಡಿಯೋವನ್ನು ನನ್ನ ಹೆಂಡತಿಗೆ ಇಂದಿಗೂ ತೋರಿಸಿಲ್ಲ.

ಅವಸರದ ಉಸಿರಿನಿಂದ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ. ರಕ್ತದಲ್ಲಿ ಅದು ಮೊದಲೇ ತುಂಬಿರುತ್ತದೆ. ಹೊರಗೆ ಹೋಗುವುದು ಇಂಗಾಲದ ಡೈಆಕ್ಸೈಡ್. ‘ಉಸಿರು ಬೇಕು’ ಎಂದು ಮಿದುಳಿಗೆ ದೂರು ಕೊಡುವುದು ಅದೇ. ನೀನು ಗಂಟೆಯ ನಾಲಿಗೆ ಕಿತ್ತು, ಗಂಟೆ ಬಾರಿಸಲಿಲ್ಲ ಎಂದು ಖುಷಿಪಟ್ಟಿದ್ದೀಯೆ. ಅದಕ್ಕಿಂತ ಕೆಟ್ಟದ್ದು ಮೇಲೇರುವಾಗ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಆ ಒತ್ತಡದ ಬಲದಿಂದ ಕೆಳಗೆ ಎಚ್ಚರವಾಗಿದ್ದವನಿಗೆ ಕೊನೆಯ ಕೆಲವು ಮೀಟರಿನಲ್ಲಿ ಒತ್ತಡ ಸರ್ರನೆ ಇಳಿದು ಪ್ರಜ್ಞೆಯ ದೀಪ ಆರುತ್ತದೆ. ತಲೆ ನೀರಿನ ಹೊರಗೆ ಬಂದ ಮೇಲೂ ಆರಬಹುದು. ಆದ್ದರಿಂದಲೇ ಜೊತೆಗಾರನ ಕಣ್ಣು ನೀನು ಮೇಲೆ ಬಂದ ನಂತರವೂ 30 ಸೆಕೆಂಡು ನಿನ್ನ ಮುಖದ ಮೇಲೆಯೇ ಇರಬೇಕು. ನಿನ್ನ ಜೊತೆಗಾರ ವಿಡಿಯೋದ ಉದ್ದಕ್ಕೂ ದೋಣಿಯಲ್ಲಿ ಕುಳಿತು ಚಕ್ಕುಲಿ ತಿನ್ನುತ್ತಿದ್ದಾನೆ. ಅವನಿಗೂ ಈಜು ಬರುತ್ತದೆ ಎಂದುಕೊಂಡಿದ್ದೇನೆ.

ಈಗ ನಾನು ಮಾಡುವುದಿಷ್ಟು. ಮುಖ ಕೆಳಗೆ ಮಾಡಿ ತೇಲುತ್ತಾ ಎರಡು ನಿಮಿಷ ಮಾಮೂಲಿ ಉಸಿರು, ನಂತರ ಒಂದೇ ಒಂದು ತುಂಬು ಉಸಿರು, ಸ್ನಾರ್ಕೆಲ್ (ತೇಲುವಾಗ ಉಸಿರಾಡುವ ಕೊಳವೆ) ಬಾಯಿಂದ ಹೊರಗೆ, ಡೈವ್. ಒಬ್ಬ ಕೆಳಗಿದ್ದರೆ ಒಬ್ಬ ಮೇಲೆ. ಭಾವ ಏಳೆಂಟು ಮೀಟರಿಗೆ ಇಳಿದು ನನ್ನನ್ನು ಎದುರುಗೊಂಡು ಜೊತೆಯಲ್ಲೇ ಏರುತ್ತಾನೆ. ಕೆಳಗೆ ಎಷ್ಟು ಹೊತ್ತು ಇದ್ದೆನೋ ಅದರ ಎರಡರಷ್ಟಾದರೂ ಮೇಲೆ ವಿಶ್ರಾಂತಿ. ನಿನ್ನ ವಿಡಿಯೋಗೆ ಬಂದ ಪ್ರತಿಕ್ರಿಯೆಯಲ್ಲಿ ಒಬ್ಬರು ‘ಸ್ನಾರ್ಕೆಲ್ ಕಚ್ಚಿಕೊಂಡೇ ಇಳಿಯಿರಿ, ಬಂದ ಕೂಡಲೇ ಉಸಿರಾಡಬಹುದು’ ಎಂದು ಸಲಹೆ ಕೊಟ್ಟಿದ್ದಾರೆ. ಸ್ವಾಮಿ, ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಇಳಿಸುವ ಕೊಳವೆ ಅದು. ದಯವಿಟ್ಟು ಆ ಸಲಹೆಯನ್ನು ಹಿಂತೆಗೆದುಕೊಳ್ಳಿ.

ಸೀಸದ ಬೆಲ್ಟ್ ಬಗ್ಗೆಯೂ ಹೇಳಲೇಬೇಕು. ನೀನು ಧುಮುಕಿದ ಕೂಡಲೇ ಕಲ್ಲಿನಂತೆ ಇಳಿದೆ. ಅದು ಚಂದವೆಂದು ಕಾಣುತ್ತದೆ, ಚಂದವಲ್ಲ. ಸುಮಾರು 10 ಮೀಟರಿನಲ್ಲಿ ಮುಳುಗದೆ ತೇಲದೆ ನಿಲ್ಲುವಷ್ಟೇ ಭಾರ ಸಾಕು. ಅದಕ್ಕಿಂತ ಮೇಲೆ ಪ್ರಜ್ಞೆ ಹೋದರೆ ದೇಹ ತಾನಾಗಿ ತೇಲಬೇಕು. ಬಕಲ್ ಒಂದೇ ಕೈಯಲ್ಲಿ ಬಿಚ್ಚುವಂಥದ್ದಿರಲಿ. ಮುರುಡೇಶ್ವರದಿಂದ ಬೆಳಿಗ್ಗೆ ಗಾಳಿಯ ಸಿಲಿಂಡರ್ ಹೊತ್ತು ಸ್ಕೂಬಾ ಮಾಡಿ ಬಂದವರು ಮಧ್ಯಾಹ್ನ ‘ಸುಮ್ಮನೆ ಎರಡು ಫ್ರೀಡೈವ್’ ಎನ್ನುವುದನ್ನೂ ನೋಡಿದ್ದೇನೆ. ಮೈಯಲ್ಲಿ ಸಾರಜನಕ ಉಳಿದಿರುವಾಗ ಅದು ಕೂಡದು. ಬೇಕಿದ್ದರೆ ಫ್ರೀಡೈವ್ ಮೊದಲು ಮುಗಿಸಿ. ನೆಗಡಿಯಿದ್ದರೆ ಎರಡೂ ಬೇಡ, ಇಳಿಯುವಾಗ ಕಿವಿಯ ಒತ್ತಡ ಬಿಡದಿದ್ದರೆ ಅಲ್ಲಿಂದಲೇ ವಾಪಸ್.

ಸರಿ, ನಿನ್ನ ಡಾಲ್ಫಿನ್. ಅದು ಮಸುಕಾದದ್ದು ಕ್ಯಾಮೆರಾದಿಂದಲ್ಲ, ಕಾಳಿ ನದಿಯಿಂದ. ಅಳಿವೆಯ ಆಸುಪಾಸಿನಲ್ಲಿ ನದಿಯ ಕೆಸರು ಬರುವಾಗ ಎರಡು ಮೂರು ಮೀಟರ್ ಆಚೆ ಕೈ ಕಾಣುವುದಿಲ್ಲ. ನಮ್ಮ ಗೂನುಬೆನ್ನಿನ ಡಾಲ್ಫಿನ್ ಇರುವುದೇ ಆ ಕಲಕು ನೀರಿನಲ್ಲಿ, ಮೀನು ಅಲ್ಲಿರುವುದರಿಂದ. ಅದು ಶಬ್ದದಿಂದ ನಿನ್ನನ್ನು ನೋಡುತ್ತದೆ, ನೀನು ಮಾತ್ರ ಕುರುಡ. ಬೇರೆ ಸಮುದ್ರದ ನೀಲಿ ನೀರಿನಲ್ಲಿ ಸ್ಪಿನ್ನರ್ ಡಾಲ್ಫಿನ್ ಜೊತೆ ಈಜುವ ವಿಡಿಯೋ ನೋಡಿ ಕಾರವಾರದಲ್ಲಿ ಅದನ್ನು ಮಾಡಹೊರಟರೆ ಸಿಗುವುದು ಹಸಿರು ಗಂಜಿ. ಇಲ್ಲಿ ಡಾಲ್ಫಿನ್ ಚಿತ್ರ ದೋಣಿಯ ಮೇಲಿನಿಂದಲೇ. ಇದು ನನ್ನ ಹಟ ಎಂದುಕೊಂಡರೂ ಅಡ್ಡಿಯಿಲ್ಲ.

ಅಟ್ಟಿಸಿಕೊಂಡು ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ನಿನ್ನ ತಾಂಡೇಲ, ಅಂದರೆ ದೋಣಿ ನಡೆಸುವವನು, ಡಾಲ್ಫಿನ್ ಗುಂಪಿನ ನಡುವೆಯೇ ಎಂಜಿನ್ ಏರಿಸಿ ತಿರುಗಿಸಿದ್ದಾನೆ, ಅದರಲ್ಲಿ ಮರಿಯೊಂದಿತ್ತು. ಈ ಜಾತಿ ಅಳಿವಿನಂಚಿನಲ್ಲಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಸೇರಿದೆ. ನಾವು ಹೀಗೆ ಮಾಡುತ್ತೇವೆ: ಅವು ಹೋಗುತ್ತಿರುವ ದಿಕ್ಕು ನೋಡಿ, ದೂರದಿಂದ ಸುತ್ತು ಹಾಕಿ, ಮುಂದೆ ಒಂದು ಬದಿಗೆ ನಿಂತು ಎಂಜಿನ್ ಬಂದ್. ನಂತರ ಮಾತೂ ಬೇಡ. ಡಾಲ್ಫಿನ್ ಮೂರು ನಾಲ್ಕು ಸಲ ಸಣ್ಣಗೆ ಬೆನ್ನು ತೋರಿಸಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಬಾಲ ಎತ್ತಿದರೆ ಉದ್ದದ ಮುಳುಗು ಎಂದು ತಿಳಿ, ಆಗ ಚಹಾ ಕುಡಿ. ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ದಿನ ದಡದಲ್ಲಿ ನಿಂತರೂ ಒಳ್ಳೆಯ ಚಿತ್ರ ಸಿಗುತ್ತದೆ, ಬಂಗುಡೆಗೆ ಮನುಷ್ಯರೊಬ್ಬರೇ ಗಿರಾಕಿಗಳಲ್ಲ.

300 ಮಿ.ಮೀ. ಲೆನ್ಸ್, ಶಟರ್ 1/1000ಕ್ಕಿಂತ ಕಡಿಮೆ ಬೇಡ. ಗೋಪ್ರೋ ಒಳ್ಳೆಯದೇ, ಆದರೆ ಅದರ ಅಗಲ ಲೆನ್ಸಿನಲ್ಲಿ ಹತ್ತು ಮೀಟರ್ ದೂರದ ಡಾಲ್ಫಿನ್ ಹುಣಸೆ ಬೀಜ. ಮತ್ತು ದೊಡ್ಡ ಲೆನ್ಸನ್ನು ಅರ್ಗಾ, ಅಂಜುದೀವ್ ಕಡೆಗೆ ತಿರುಗಿಸಬೇಡ. ಅದು ನೌಕಾಪಡೆಯ ಜಾಗ, ಅವರ ಬಳಿ ನಿನಗಿಂತ ದೊಡ್ಡ ಲೆನ್ಸ್ ಇರುತ್ತದೆ.

ನೀರಿನೊಳಗಿನ ಆಸೆಗೆ ನೇತ್ರಾಣಿಯೇ ಸರಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ., ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೀರು ತಿಳಿ. ಗಿಳಿಮೀನು, ಚಿಟ್ಟೆಮೀನು, ಲಯನ್‌ಫಿಶ್, ಬಿರುಕಿನಲ್ಲಿ ನನ್ನ ಹಳೆಯ ಈಲ್‌ನ ಬಂಧುಗಳು. ಐದು ಮೀಟರ್ ದಾಟಿದರೆ ಕೆಂಪು ಬಣ್ಣ ಬಹುಪಾಲು ಮಾಯ, ಆದ್ದರಿಂದ ಬಿಳಿ ಸ್ಲೇಟು ತೋರಿಸಿ ವೈಟ್ ಬ್ಯಾಲೆನ್ಸ್ ಮಾಡಿಕೋ, ಬಣ್ಣವನ್ನು ಆಮೇಲೆ ತಿದ್ದಲು ಬರುವ ರಾ (RAW) ಕಡತದಲ್ಲಿ ತೆಗೆ, ಮೀನಿಗೆ ತೋಳಳತೆಯಷ್ಟು ಹತ್ತಿರ ಹೋಗು. ಹತ್ತಿರ ಎಂದರೆ ಹವಳದ ಮೇಲೆ ಕೈ ಊರುವುದಲ್ಲ. ಹವಳವೂ ಅದೇ 1ನೇ ಅನುಸೂಚಿ. ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿತ್ತು, ತಳದಲ್ಲಿ ತುಕ್ಕು ಹಿಡಿದ ಲೋಹ ಕಂಡರೆ ನೆನಪಿಗೆಂದು ತರಬೇಡ.

ಟಿಜಿ ಸರಣಿಯ ಪುಟ್ಟ ಜಲನಿರೋಧಕ ಕ್ಯಾಮೆರಾ ಕೊಳ್ಳಲೇ ಎಂದು ಕೇಳಿದ್ದೀಯೆ. ಕೊಳ್ಳು, ಸಣ್ಣ ಜೀವಿಗಳಿಗೆ ಅದರಷ್ಟು ಹಣಕ್ಕೆ ಅದೇ ಒಳ್ಳೆಯದು. ಕವಚವಿಲ್ಲದೆ 15 ಮೀಟರ್ ಎಂದು ಬರೆದಿದ್ದರೂ ನಾನು ಕವಚ ಹಾಕದೆ ಇಳಿಸುವುದಿಲ್ಲ. ನನ್ನ ಮೊದಲ ಕ್ಯಾಮೆರಾ ಸತ್ತದ್ದು ಕವಚದೊಳಗೆ ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್ ಮೇಲೆ ಕುಳಿತಿದ್ದ ನನ್ನದೇ ಒಂದು ಕೂದಲಿನಿಂದ. ಕವಚವನ್ನು ಹಿಂದಿನ ರಾತ್ರಿ ಎ.ಸಿ. ಕೋಣೆಯಲ್ಲಿ ಮುಚ್ಚು, ದೋಣಿಯ ಮೇಲೆ ಮುಚ್ಚಿದರೆ ಕರಾವಳಿಯ ತೇವವೂ ಒಳಗೆ ಸೇರಿ ಗಾಜು ಮಂಜಾಗುತ್ತದೆ. ಸಿಲಿಕಾ ಜೆಲ್ ಹಾಕು. ಅಕ್ಕಿ ಹಾಕುವವರೂ ಇದ್ದಾರೆ, ಅದರ ಹುಡಿಯೇ ಓ-ರಿಂಗಿಗೆ ಶತ್ರು. ಬಂದ ಮೇಲೆ ಅರ್ಧ ಗಂಟೆ ಸಿಹಿನೀರಿನ ಬಕೆಟ್ಟಿನಲ್ಲಿಟ್ಟು ಎಲ್ಲ ಗುಂಡಿಗಳನ್ನೂ ಒತ್ತು. ಕಾರ್ಬನ್ ಫಿನ್‌ಗೆ ಈಗಲೇ ಹಣ ಸುರಿಯಬೇಡ, ಕ್ರೆಸ್ಸಿಯ ಉದ್ದದ ಪ್ಲಾಸ್ಟಿಕ್ ಫಿನ್ ನನಗೆ ಇಷ್ಟು ವರ್ಷ ಸಾಕಾಗಿದೆ.

ಜನವರಿಯಲ್ಲಿ ನಾನೂ ಭಾವನೂ ನೇತ್ರಾಣಿಗೆ ಹೋಗುತ್ತೇವೆ, ಶಿರಸಿಯಿಂದ ಹಿಂದಿನ ದಿನವೇ ಇಳಿದು ಬಾ. ನಿನ್ನ ಬೆಲ್ಟನ್ನು ನಾನೇ ತೂಗಿ ಕೊಡುತ್ತೇನೆ. ವಿಡಿಯೋ ಇರಲಿ ಬಿಡು. ಅದರ ಕೆಳಗಿನ ‘40 ಸೆಕೆಂಡು’ ಎಂಬ ಸಾಲನ್ನು ಇವತ್ತೇ ಅಳಿಸು. ಈ ಭಾನುವಾರ ಆ 60 ಜನರಲ್ಲಿ ಯಾರು ಎಲ್ಲಿ ನೀರಿಗಿಳಿಯುತ್ತಾರೋ ಗೊತ್ತಿಲ್ಲ.