ಲಿವರ್ ತಿನ್ನು ಅಂದಿದ್ದು ನಾನೇ

ಈ ತಿಂಗಳು ಮೂರನೇ ಸಲ ಅದೇ ಪ್ರಶ್ನೆ ಬಂತು. ಮೊದಲು ಒಬ್ಬ ಜೂಡೋ ಹುಡುಗ, ಆಮೇಲೆ ವುಶು (ಚೀನಾದ ಸಮರಕಲೆ) ಆಡೋ ಇಬ್ರು ಹುಡುಗೀರು. "ಮೇಡಂ, ದಿನಾ ಎಷ್ಟು ಲಿವರ್ ತಿನ್ಬೇಕು?" ಎಷ್ಟು ಅನ್ನೋದು ಆಮೇಲೆ, ದಿನಾ ತಿನ್ಬೇಕು ಅಂತ ಯಾರಪ್ಪ ಹೇಳಿದ್ದು ಅಂತ ಕೇಳಿದ್ರೆ ಮೂರೂ ಜನ ಹೇಳಿದ್ದು ಹೆಚ್ಚುಕಮ್ಮಿ ಒಂದೇ, ಅವರ ಹಾಸ್ಟೆಲ್‌ನ ಸೀನಿಯರ್ ಅಕ್ಕ ಒಬ್ಬಳು ಹಾಗೆ ತಿಂದು ರಕ್ತ ಏರಿಸ್ಕೊಂಡ್ಲಂತೆ. ಆಟಗಾರರಿಗೆ ಊಟದ ಸಲಹೆ ಕೊಡೋದು ನನ್ನ ಕೆಲಸ, ಆ ಅಕ್ಕ ನನ್ನ ಕೇಸೇ. ಅದಕ್ಕೇ ಬರೀತಿದೀನಿ. ಅವಳನ್ನ, ಅವಳ ಅಮ್ಮನ್ನ ಕೇಳಿದೀನಿ, ಗುರುತು ಸಿಗೋ ವಿವರ ಬದಲಾಯಿಸಿದೀನಿ.

ಹತ್ತೊಂಬತ್ತು ವರ್ಷ, ಮಂಡ್ಯ ಕಡೆ ಹಳ್ಳಿ, ಜೂಡೋದಲ್ಲಿ 52 ಕೆಜಿ ಕ್ಲಾಸ್. ಮೊದಲ ಸಲ ಬಂದಾಗ ಸುಸ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು. ಹಿಮೋಗ್ಲೋಬಿನ್ 10.4, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ತೋರ್ಸೋದು) 9, ಎರಡೂ ಕಮ್ಮಿ. ಡಾಕ್ಟರ್ ಮಾತ್ರೆ ಕೊಟ್ಟಿದ್ರು, ಅದು ಹೊಟ್ಟೆಗೆ ಹಿಡೀತಿಲ್ಲ ಅಂತ ಅರ್ಧಕ್ಕೇ ಬಿಟ್ಟಿದ್ಲು. ಮನೇಲಿ ಮಾಂಸ ತಿಂತೀರಾ ಅಂತ ಕೇಳ್ದೆ, ತಿಂತೀವಿ ಅಂದ್ಲು. ಹಾಗಾದ್ರೆ ಲಿವರ್ ತಿನ್ನು, ರಕ್ತ ಬರುತ್ತೆ, ಮಾತ್ರೆ ಬೇರೆ ಥರದ್ದು ಬರೆಸ್ಕೋ ಅಂದೆ. ಹೊರಗಡೆ ಇನ್ನೂ ಆರು ಜನ ಕೂತಿದ್ರು, ಹತ್ತು ನಿಮಿಷದಲ್ಲಿ ಮುಗಿಸಿ ಕಳಿಸಿದೆ.

ಆ ಮಾತು ಸುಳ್ಳಲ್ಲ, ಈಗಲೂ ಹೇಳ್ತೀನಿ. 100 ಗ್ರಾಂ ಕೋಳಿ ಲಿವರ್‌ನಲ್ಲಿ ಸುಮಾರು 9 ಮಿಲಿಗ್ರಾಂ ಐರನ್ ಇರುತ್ತೆ, ಮಟನ್ ಲಿವರ್‌ನಲ್ಲಿ 7ರ ಹತ್ರ, ಅದರಲ್ಲಿ ಒಳ್ಳೇ ಪಾಲು ಸೊಪ್ಪು ಕಾಳಿನ ಐರನ್‌ಗಿಂತ ಸಲೀಸಾಗಿ ಮೈಗೆ ಹತ್ತೋ ಜಾತಿದು. ಬಿ12 ಅಂತೂ ಒಂದು ಊಟದಲ್ಲೇ ಎಷ್ಟೋ ದಿನಕ್ಕೆ ಆಗೋಷ್ಟು. ನೆಲಕ್ಕೆ ಬಿದ್ದು ಎದ್ದು ಹಿಡಿದು ಎಸೆಯೋ ಆಟಕ್ಕೆ ಆಮ್ಲಜನಕ ಸಾಗಿಸೋ ರಕ್ತ ಬೇಕು, ಪ್ರೋಟೀನ್ ಬೇಕು, ಕೋಳಿ ಲಿವರ್ ಕಮ್ಮಿ ದುಡ್ಡಿಗೆ ಎರಡನ್ನೂ ಕೊಡುತ್ತೆ. ಡಬ್ಬದ ಪೌಡರ್‌ಗೆ ಸಾವಿರಾರು ರೂಪಾಯಿ ಸುರಿಯೋ ಮನೆಯವರಿಗೆ ನಾನು ಇದನ್ನೇ ಹೇಳೋದು. ಮಾಂಸದ ಪ್ರಚಾರ ಮಾಡ್ತೀರಾ ಅಂತ ಒಬ್ರು ನನ್ನ ಮೇಲೆ ರೇಗಿದ್ರು, ತಿನ್ನೋ ಮನೇಲಿ ತಿನ್ನೋದನ್ನ ಸರಿಯಾಗಿ ತಿನ್ನಿ ಅನ್ನೋದು ಪ್ರಚಾರ ಹೆಂಗಾಗುತ್ತೆ, ತಿನ್ನದೋರಿಗೆ ನಾನು ಬೇರೇನೇ ಬರೆದುಕೊಡ್ತೀನಿ.

ಮೂರು ತಿಂಗಳಾದ್ಮೇಲೆ ತಾಯಿ ಮಗಳು ಇಬ್ರೂ ಬಂದ್ರು. ರಕ್ತ 11.8 ಆಗಿತ್ತು. ನಾನು ಖುಷಿಯಾಗಿ ಫೈಲ್ ತಿರುವ್ತಾ ಇದ್ದೆ, ಅವಳ ಮುಖ ನೋಡಿದ್ದು ಆಮೇಲೆ. ತುಟಿ ಒಡೆದು ಮೂಲೇಲಿ ಸಿಪ್ಪೆ ಎದ್ದಿತ್ತು, ವ್ಯಾಸಲೀನ್ ಹಚ್ಚಿ ಹಚ್ಚಿ ಹೊಳೀತಿತ್ತು. ತಲೆನೋವು, ಕೂದಲು ಉದುರೋದು, ಮೊಣಕಾಲ ಕೆಳಗೆ ಮೂಳೆ ನೋವು. ಸರಿ, ಏನ್ ತಿಂತಿದೀಯಮ್ಮ ಅಂದ್ರೆ ಬ್ಯಾಗಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ್ಲು, ರೂಮೆಲ್ಲ ಮೆಣಸಿನ ಘಮ. ಮಟನ್ ಲಿವರ್ ಪೆಪ್ಪರ್ ಫ್ರೈ, ಕರಿಬೇವು, ಎಂಟು ಪೀಸು. ಅಷ್ಟೇ. ಮುದ್ದೆ ಇಲ್ಲ, ಅನ್ನ ಇಲ್ಲ.

"ಜೊತೆಗೆ ಏನಿಲ್ವಾ?"

"ಮುದ್ದೆ ತಿಂದ್ರೆ ತೂಕ ಬರುತ್ತೆ ಮೇಡಂ. ಲಿವರ್ ತಿಂದ್ರೆ ರಕ್ತ ಬರುತ್ತೆ ಅಂತ ನೀವೇ ಹೇಳಿದ್ರಲ್ಲ."

ನಾನು ಪೆನ್ ಕೆಳಗಿಟ್ಟೆ. ಅವಳಮ್ಮ ಪಕ್ಕದಿಂದ ಹೆಮ್ಮೆಯಿಂದ ಹೇಳ್ತಿದಾರೆ, ಸೋಮವಾರ ಶನಿವಾರ ಬಿಟ್ಟು ಬಾಕಿ ಐದು ದಿನ ಬೆಳಗ್ಗೆ ತಾವೇ ಅಂಗಡಿಗೆ ಹೋಗಿ ತರ್ತಾರಂತೆ, ಮಾಡಿ ಬಸ್ಸಲ್ಲಿ ಕಳಿಸ್ತಾರಂತೆ, ಅಂಗಡಿಯವನು "ಯಾರಮ್ಮ ಮನೇಲಿ ಬಾಣಂತಿ?" ಅಂತ ಕೇಳೋಕೆ ಶುರು ಮಾಡಿದ್ನಂತೆ. ಹತ್ತತ್ರ 150 ಗ್ರಾಂ ದಿನಕ್ಕೆ. ನಾನು ಮನಸ್ಸಲ್ಲೇ ಲೆಕ್ಕ ಹಾಕ್ದೆ. ಕುರಿ ಲಿವರ್ 100 ಗ್ರಾಂನಲ್ಲಿ ವಿಟಮಿನ್ ಎ ಸುಮಾರು 7000 ಮೈಕ್ರೋಗ್ರಾಂ, ದೊಡ್ಡೋರಿಗೆ ದಿನದ ಮೇಲ್ಮಿತಿ 3000. ಇದು ನೀರಲ್ಲಿ ಕರಗಿ ಹೋಗೋ ವಿಟಮಿನ್ ಅಲ್ಲ, ಮೈಯಲ್ಲೇ ಕೂರುತ್ತೆ. ಪ್ರಾಣಿ ತನ್ನ ಲಿವರ್‌ನಲ್ಲಿ ಕೂಡಿಟ್ಟಂಗೆ ನಮ್ದೂ ಕೂಡಿಡುತ್ತೆ, ಜಾಸ್ತಿಯಾದ್ರೆ ಅವಳಿಗೆ ಆದಂಗೆ ತುಟಿ ಒಡೆಯೋದು, ತಲೆನೋವು, ಕೂದಲು ಉದುರೋದು, ಮೂಳೆ ನೋವು ಬರಬಹುದು.

ಅಮ್ಮನ್ನ ಸ್ವಲ್ಪ ಹೊರಗೆ ಕೂರಿಸಿ ಮುಟ್ಟಿನ ಬಗ್ಗೆ ಕೇಳ್ದೆ. ಐದು ತಿಂಗಳಿಂದ ಇಲ್ಲ. ಅಂದ್ರೆ ನನ್ನ ಹತ್ರ ಮೊದಲ ಸಲ ಬಂದಾಗ್ಲೇ ಎರಡು ತಿಂಗಳು ಆಗಿತ್ತು, ನಾನು ಕೇಳಿರ್ಲಿಲ್ಲ. "ಪ್ರಾಕ್ಟೀಸ್ ಚೆನ್ನಾಗಿ ಆಗ್ತಿದ್ರೆ ನಿಂತೋಗುತ್ತೆ ಅಂತಾರೆ ಮೇಡಂ ಸೀನಿಯರ್ಸು." ಈ ಮಾತು ಎಷ್ಟು ಸಲ ಕೇಳಿದೀನೋ, ಪ್ರತಿ ಸಲ ಹೊಟ್ಟೆ ಉರಿಯುತ್ತೆ. ಮೈಗೆ ಬೇಕಾದಷ್ಟು ಊಟ ಸಿಗದೇ ಇದ್ದಾಗ ಅದು ಮೊದಲು ನಿಲ್ಲಿಸೋ ಖರ್ಚುಗಳಲ್ಲಿ ಮುಟ್ಟೂ ಒಂದು, ಮುಂದೆ ಮೂಳೆ ಸವೆಯುತ್ತೆ. ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ಹೆಸರಿಟ್ಟು ಎಚ್ಚರಿಸಿದೆ, ನಮ್ಮ ಮ್ಯಾಟ್‌ಗಳ ತನಕ ಇನ್ನೂ ಬಂದಿಲ್ಲ. ಅವಳಿಗೆ ಐರನ್ ಕಮ್ಮಿ ಇದ್ದಿದ್ದು ನಿಜ, ಆದ್ರೆ ಅದಕ್ಕಿಂತ ಮೊದಲು ಅವಳಿಗೆ ಹೊಟ್ಟೆತುಂಬ ಊಟ ಇರ್ಲಿಲ್ಲ. 56 ಕೆಜಿ ಮೈನ 52ಕ್ಕೆ ಹಿಡಿದು ನಿಲ್ಲಿಸಿದ್ದೇ ರೋಗ, ನಾನು ಅದಕ್ಕೆ ಲಿವರ್ ಬರೆದುಕೊಟ್ಟಿದ್ದೆ.

ಆವತ್ತು ಕೊಟ್ಟ ಸಲಹೆ ಇದು. ಲಿವರ್ ಎರಡು ತಿಂಗಳು ಪೂರ್ತಿ ಬಂದ್. ಮೂಳೆ ನೋವಿಗೆ, ಮುಟ್ಟಿಗೆ ನಾಳೇನೇ ಡಾಕ್ಟರ್, ವಿಟಮಿನ್ ಎ ವಿಷಯ ಅವರಿಗೆ ಚೀಟೀಲಿ ಬರೆದೆ. ಆಮೇಲೆ ಶುರು ಮಾಡಿದ್ರೂ ವಾರಕ್ಕೆ ಒಂದೇ ಸಲ, ಹಸಿ ತೂಕ 100 ಗ್ರಾಂ, ಕೋಳೀದಾದ್ರೆ ಇನ್ನೂ ಒಳ್ಳೇದು ಯಾಕಂದ್ರೆ ಅದರಲ್ಲಿ ವಿಟಮಿನ್ ಎ ಅರ್ಧಕ್ಕಿಂತ ಕಮ್ಮಿ. ಚೆನ್ನಾಗಿ ಬೇಯಿಸಿ, ಹಸೀದೇ ನುಂಗೋ ವಿಡಿಯೋ ನೋಡಿ ಮಾಡೋಕೆ ಹೋಗ್ಬೇಡ (ಅಮೆರಿಕದಲ್ಲಿ ಅದರಿಂದಲೇ ಹೆಸರು ಮಾಡಿದ 'ಲಿವರ್ ಕಿಂಗ್' ಅನ್ನೋನು ಸ್ಟೀರಾಯ್ಡ್ ತಗೊಂಡಿದ್ದನ್ನ 2022ರಲ್ಲಿ ತಾನೇ ಒಪ್ಕೊಂಡ). ಮುದ್ದೆ ಜೊತೆಗೇ ತಿನ್ನು, ನಿಂಬೆಹಣ್ಣು ಹಿಂಡ್ಕೋ, ಟೀ ಒಂದು ಗಂಟೆ ಆದ್ಮೇಲೆ. ಬಾಕಿ ದಿನ ಮೊಟ್ಟೆ, ಹುರುಳಿಕಾಳು, ಸೊಪ್ಪಿನ ಸಾರು, ಮಾಂಸ ಬೇಕಂದ್ರೆ ಗುಂಡಿಗೆ ಇಲ್ಲಾ ಸಾದಾ ಮಟನ್, ಅದರಲ್ಲಿ ವಿಟಮಿನ್ ಎ ಭಯ ಇಲ್ಲ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಐರನ್ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ, ಅದು ಒಂದೇ ಡಬ್ಬಿಯಿಂದ ಬರಲ್ಲ, ಮಾತ್ರೆ ಬಿಡ್ಬೇಡ. ಮತ್ತೆ ಕೊನೇದು, 52 ಬಿಟ್ಟು ಮುಂದಿನ ಕ್ಲಾಸ್ 57 ಕೆಜಿಗೆ ಹೋಗು.

ಕೊನೇದಕ್ಕೇ ಗಲಾಟೆ ಆಗಿದ್ದು. ಕೋಚ್ ಫೋನ್ ಮಾಡಿ, 57ರಲ್ಲಿ ಆಗ್ಲೇ ಇಬ್ರು ಗಟ್ಟಿ ಹುಡುಗೀರಿದಾರೆ, ನೀವು ಊಟದ್ದು ನೋಡ್ಕೊಳ್ಳಿ, ಆಟ ನಮಗೆ ಬಿಡಿ ಅಂದ್ರು. ನಾನು ಊಟದ್ದೇ ಮಾತಾಡ್ತಿರೋದು ಸರ್ ಅಂದೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಕುಸ್ತಿಯ ವಿನೇಶ್ ಫೋಗಟ್ 100 ಗ್ರಾಂ ತೂಕ ಜಾಸ್ತಿ ಬಂತು ಅಂತ ಫೈನಲ್ ಕಳ್ಕೊಂಡಾಗ ಇಡೀ ದೇಶ ಅತ್ತಿತು, ನಮ್ಮೂರ ಹುಡುಗಿ ನಾಲ್ಕು ಕೆಜಿ ಇಳಿಸ್ಕೊಂಡು ವರ್ಷಗಟ್ಟಲೆ ಬದುಕೋದು ಯಾರಿಗೂ ಕಾಣಲ್ಲ. ಅವರು ಫೋನ್ ಇಟ್ರು. ಈಗಲೂ ಎದುರು ಸಿಕ್ಕಿದ್ರೆ ನಮಸ್ಕಾರ ಅಷ್ಟೇ.

ಅವಳು ಹೋದ್ಲು 57ಕ್ಕೆ. ಮೊದಲ ಟೂರ್ನಮೆಂಟ್‌ನಲ್ಲಿ ಎರಡನೇ ಬೌಟ್ ಸೋತ್ಲು. ನಾಲ್ಕು ತಿಂಗಳಿಗೆ ಮುಟ್ಟು ಬಂತು.

ಆ ಸೆಷನ್ ಆದ ಎರಡು ದಿನಕ್ಕೆ ಅವಳಮ್ಮ ಫೋನ್ ಮಾಡಿದ್ರು, "ಮೇಡಂ, ಫ್ರಿಜ್‌ನಲ್ಲಿ ಇನ್ನೂ ಅರ್ಧ ಕೆಜಿ ಐತೆ, ಏನ್ ಮಾಡ್ಲಿ?" ಮನೆಯವರೆಲ್ಲ ಹಂಚ್ಕೊಂಡು ಒಂದು ಹೊತ್ತು ಊಟ ಮಾಡಿ, ನೀವೂ ತಿನ್ನಿ ಅಂದೆ. ಅದೇ ಸಮಯ ಅಂತ, ನಿಮ್ಮ ರಕ್ತ ಯಾವಾಗ ಚೆಕ್ ಮಾಡ್ಸಿದ್ದು ಅಂತಲೂ ಕೇಳ್ದೆ.

"ನಂದಾ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಇವಳು ಹುಟ್ಟಿದಾಗ ಇರ್ಬೇಕು."