ಯುದ್ಧದ ಹೊತ್ತಿನಲ್ಲಿ ಸಣ್ಣ ಗುಂಪು ಏನು ಮಾಡಬಹುದು?

ನಮಸ್ಕಾರ್ರೀ. ಗದಗಿನಲ್ಲಿ ಹತ್ತು ಜನ ಕೂಡಿ ಶಾಂತಿಯ ಮಾತಾಡಿದರೆ ಎಲ್ಲೋ ನಡೆಯೋ ಯುದ್ಧ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಿಲ್ಲೋದಿಲ್ಲ. ಆದರೂ ಕೂಡಿರಿ.

ಧಾರವಾಡದ ನಮ್ಮ ಗುಂಪಿನಲ್ಲಿ ಮೊದಲೆರಡು ವಾರ ತಪ್ಪು ಯಾರದು ಅನ್ನೋ ಜಗಳವೇ ಜಾಸ್ತಿ. ಮೂರನೇ ವಾರ ನಿವೃತ್ತ ಸೈನಿಕರೊಬ್ಬರ ಹೆಂಡತಿ ಬಂದರು. 1999ರ ಕಾರ್ಗಿಲ್ ದಿನಗಳಲ್ಲಿ ಯಾರಾದರೂ ಬಾಗಿಲು ಬಡಿದರೆ ಸಾಕು, ರೊಟ್ಟಿ ಬಡಿಯೋದು ಬಿಟ್ಟು, ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ನಿಲ್ಲುತ್ತಿದ್ದರಂತೆ. ಆಮೇಲೆ ಯಾರೂ ದನಿ ಏರಿಸಲಿಲ್ಲ.

ಮಾತಿನ ಜೊತೆ ಕೆಲಸವೂ ಬೇಕು. ಮೊದಲ ಮಹಾಯುದ್ಧದ ನಂತರ ಯುದ್ಧವನ್ನೇ ಒಪ್ಪದ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರು ಸೋತ ಜರ್ಮನಿಯ ಮಕ್ಕಳಿಗೆ ಊಟ ಹಾಕಿದರು. ಶತ್ರುವಿನ ಮಕ್ಕಳೂ ಮಕ್ಕಳೇ ಅಲ್ವಾ? 1947ರಲ್ಲಿ ಅವರ ಎರಡು ಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಮೊದಲ ಸಭೆಯಲ್ಲಿ ಎರಡೂ ಕಡೆ ಸತ್ತವರಿಗೆ ಒಂದೇ ದೀಪ ಹಚ್ಚಿ. ದಿನ ತಿಳಿಸಿ, ನಾವೂ ಬರುತ್ತೇವೆ.