ಬಯೋಗ್ಯಾಸ್ ಆಗುತ್ತೆ ಅಂತ ಊಟ ಬಿಸಾಕ್ಬಹುದಾ?

ಪ್ರಶ್ನೆ: ಸರ್ಕ್ಯುಲರ್ ಬಯೋಎಕಾನಮಿ, ಅಂದ್ರೆ ಬೆಳೆ, ಪ್ರಾಣಿಗಳಿಂದ ಬಂದಿದ್ದನ್ನ ಬಿಸಾಕದೆ ಮತ್ತೆ ಮತ್ತೆ ಬಳಸೋ ವ್ಯವಸ್ಥೆ ಬಗ್ಗೆ ಈಗ ಎಲ್ಲಾ ಕಡೆ ಓದ್ತಾ ಇದೀನಿ. ಮಿಕ್ಕಿದ ಊಟ, ಸಗಣಿ, ಬೆಳೆ ಕಸ ಎಲ್ಲದರಿಂದ್ಲೂ ಗ್ಯಾಸು, ಗೊಬ್ಬರ ಮಾಡಬಹುದು ಅಂದ್ಮೇಲೆ ಆಹಾರ ವೇಸ್ಟ್ ಆದ್ರೆ ಅಷ್ಟೊಂದು ತಲೆ ಕೆಡಿಸ್ಕೋಬೇಕಾ?

ಉತ್ತರ: ಖಂಡಿತ ಕೆಡಿಸ್ಕೋಬೇಕು. ಕಾಳು ಬೆಳೆಯೋಕೆ ನೀರು, ಡೀಸೆಲ್, ಯೂರಿಯಾ, ಜನರ ದುಡಿಮೆ ಎಲ್ಲಾ ಹೋಗಿರುತ್ತೆ, ಆ ಯೂರಿಯಾಗೆ ಬೇಕಾದ ಅಮೋನಿಯಾನ ಹೆಚ್ಚಾಗಿ ನೈಸರ್ಗಿಕ ಅನಿಲ ಇಲ್ಲಾ ಕಲ್ಲಿದ್ದಲು ಬಳಸಿನೇ ತಯಾರಿಸಿರ್ತಾರೆ, ಇಷ್ಟೆಲ್ಲಾ ಸುರಿದು ಬೆಳೆದು ಸಾಗಿಸಿ ಬೇಯಿಸಿದ್ದನ್ನ ಗ್ಯಾಸ್ ಮಾಡೋ ಮುಚ್ಚಿದ ತೊಟ್ಟಿಗೆ, ಅಂದ್ರೆ ಡೈಜೆಸ್ಟರ್‌ಗೆ ಹಾಕಿದ್ರೆ ವಾಪಸ್ ಸಿಗೋದು ಆ ಆಹಾರದೊಳಗಿನ ಶಕ್ತಿಯ ಒಂದು ಪಾಲು ಅಷ್ಟೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ನೋಡಿ, 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಿಂದ ಸಿಪ್ಪೆ ಬೀಜ ಎಲ್ಲಾ ಸೇರಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಗಿದೆ, ಅದರಲ್ಲಿ 60% ಮನೆಗಳದ್ದೇ. ಹಾಗಾಗಿ ಮೊದಲು ಮಿಗದ ಹಾಗೆ ನೋಡ್ಕೊಳ್ಳೋದು, ಮಿಕ್ಕಿದ್ದು ಚೆನ್ನಾಗಿದ್ರೆ ಜನಕ್ಕೆ, ಆಮೇಲೆ ಸುರಕ್ಷಿತ ಅನ್ನಿಸಿದ್ದು ಪ್ರಾಣಿಗಳಿಗೆ, ಗ್ಯಾಸು ಗೊಬ್ಬರ ಅದಾದ್ಮೇಲೆ. ಕಸದ ಗುಡ್ಡೆಗೆ ಮಾತ್ರ ಹೋಗಲೇಬಾರದು, ಅಲ್ಲಿ ಗಾಳಿ ಇಲ್ಲದೆ ಕೊಳೆತು ಮೀಥೇನ್ ಬರುತ್ತೆ, 100 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಏರಿಸುತ್ತೆ.

ಜನ ಗ್ಯಾಸ್ ಬಗ್ಗೆನೇ ಮಾತಾಡ್ತಾರೆ, ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಸ್ಲರಿ, ಅಂದ್ರೆ ಗ್ಯಾಸ್ ಬಂದ್ಮೇಲೆ ಡೈಜೆಸ್ಟರಲ್ಲಿ ಉಳಿಯೋ ಗೊಬ್ಬರದ ರಾಡಿ. ಗ್ಯಾಸಾಗಿ ಹೋಗೋದು ಕಾರ್ಬನ್, ಸಾರಜನಕ ರಂಜಕ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಸ್ಲರಿಯಲ್ಲೇ ಉಳಿಯುತ್ತೆ. ಸಾರಜನಕನ ಗಾಳಿಯಿಂದ ತಗೋಬಹುದು, ಆದ್ರೆ ರಂಜಕದ ಗೊಬ್ಬರಕ್ಕೆ ಗಣಿಯ ಕಲ್ಲೇ ಗತಿ, ಪ್ರಪಂಚದಲ್ಲಿ ಗೊತ್ತಿರೋ ನಿಕ್ಷೇಪದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಭಾಗ ಮೊರಾಕ್ಕೊ ಕಡೆ ಇದೆ. ಆ ರಂಜಕ ಹೊಲದಿಂದ ತಟ್ಟೆಗೆ ಬಂದು ಮತ್ತೆ ಹೊಲಕ್ಕೆ ಹೋಗ್ಬೇಕು. ಗ್ಯಾಸ್ ತಗೊಂಡು ಸ್ಲರಿನ ಚರಂಡಿಗೆ ಬಿಡೋ ಪ್ಲಾಂಟನ್ನ ನಾನಂತೂ ಸರ್ಕ್ಯುಲರ್ ಅನ್ನಲ್ಲ, ಆ ನೀರು ಕೆರೆ ಸೇರಿದ್ರೆ ಪಾಚಿ ಬೆಳೆದು ಮೀನು ಸಾಯುತ್ತೆ. ಹೊಲಕ್ಕೆ ಹಾಕುವಾಗ್ಲೂ ಬಿಸಿಲಲ್ಲಿ ಮೇಲೆ ಚೆಲ್ಲಿ ಬಿಡ್ಬೇಡಿ, ಅಮೋನಿಯಾ ಹಾರಿಹೋಗುತ್ತೆ, ಬೇಗ ಮಣ್ಣಲ್ಲಿ ಬೆರೆಸಿ, ಬೆಳೆಗೆ ಬೇಕಾದಷ್ಟೇ ಹಾಕಿ.

ಪ್ರಶ್ನೆ: ಹಾಗಾದ್ರೆ ಕೊಯ್ಲಾದ್ಮೇಲೆ ಹೊಲದಲ್ಲಿರೋ ಹುಲ್ಲು, ದಂಟು ಎಲ್ಲಾ ಎತ್ತಿ ಇಂಧನಕ್ಕೆ ಕೊಡಬಹುದಲ್ವಾ?

ಉತ್ತರ: ಎಲ್ಲಾ ಬೇಡ. ಸುಡೋದಕ್ಕಿಂತ ಕೊಡೋದು ಎಷ್ಟೋ ವಾಸಿ ನಿಜ, ಆದ್ರೆ ಅದು ಕಸ ಅಲ್ಲ, ಎರೆಹುಳ ಸೂಕ್ಷ್ಮಜೀವಿಗಳ ಊಟ, ಮಳೆಗೆ ಮಣ್ಣು ಕೊಚ್ಚಿ ಹೋಗದ ಹಾಗೆ ಕಾಯೋ ಹೊದಿಕೆ. ಇಳಿಜಾರು ಜಮೀನು, ಸಾವಯವ ಇಂಗಾಲ ಕಮ್ಮಿ ಇರೋ ಮಣ್ಣು ಆದ್ರೆ ಇನ್ನೂ ಜಾಸ್ತಿ ಬಿಡಿ. ಮಣ್ಣು ಪರೀಕ್ಷೆ ಮಾಡಿಸಿ, ಎಷ್ಟು ಎತ್ತಬೇಕು ಅಂತ ಅದಾದ್ಮೇಲೆ ನಿರ್ಧಾರ ಮಾಡಿ, ಕೊಳ್ಳೋರು ಬಂದು ಪೂರ್ತಿ ಕೊಡಿ ಅಂದ ತಕ್ಷಣ ಒಪ್ಕೋಬೇಡಿ.